ಭಾಷಾಜಗಳದಲ್ಲಿ ಮರೆತುಹೋದ ಮೂರನೆಯವರು: ಚೋ ಹಾಸ್ಯ ನಮಗೆ ಹೇಳುವುದೇನು?

ಶಾಲೆಯಲ್ಲಿ ಯಾವ ಭಾಷೆ ಕಲಿಸಬೇಕು ಎಂಬ ಪ್ರಶ್ನೆ ತಮಿಳುನಾಡಿನಲ್ಲಿ ಎದ್ದಾಗಲೆಲ್ಲ ಜನ ಎರಡು ಪಾಳಯಗಳಾಗಿ ಒಡೆಯುತ್ತಾರೆ. 2025ರ ಆರಂಭದಲ್ಲಿ ತ್ರಿಭಾಷಾ ಸೂತ್ರದ ವಿಚಾರವಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಎದುರುಬದುರು ನಿಂತಾಗಲೂ ಹಾಗೆಯೇ ಆಯಿತು. ಮೂರನೆಯ ಭಾಷೆ ಬೇಕೆಂದವರು ತಮಿಳಿನ ದ್ರೋಹಿಗಳೆನಿಸಿದರು. ಬೇಡವೆಂದವರು ದೇಶದ ವಿರೋಧಿಗಳೆನಿಸಿದರು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಓಡೈಪಟ್ಟಿಯ ನಮ್ಮಂಥವರ ಅಭಿಪ್ರಾಯವನ್ನು ಎರಡೂ ಕಡೆಯವರು ಕೇಳಲಿಲ್ಲ.

ಇಂತಹ ಚರ್ಚೆಗಳ ಸ್ವಭಾವವನ್ನು ಅರ್ಧ ಶತಮಾನಕ್ಕೂ ಹಿಂದೆಯೇ ನಗಿಸುತ್ತ ತೋರಿಸಿಕೊಟ್ಟವರು ಚೋ ರಾಮಸ್ವಾಮಿ (1934–2016). ಅವರು ಹಾಸ್ಯನಟರು, ನಾಟಕಕಾರರು, ವಕೀಲರು, ಪತ್ರಕರ್ತರು. 1965ರ ಹಿಂದಿ ವಿರೋಧಿ ಚಳವಳಿಯ ಬಿಸಿ ಆರಿರಲಿಲ್ಲ; 1967ರಲ್ಲಿ ಡಿಎಂಕೆ ಅಧಿಕಾರಕ್ಕೆ ಬಂದು, 1968ರ ಜನವರಿಯಲ್ಲಿ ದ್ವಿಭಾಷಾ ನೀತಿ ಜಾರಿಯಾಯಿತು. ಅದೇ ವರ್ಷ ಚೋ ಅವರ ‘ಮುಹಮ್ಮದ್ ಬಿನ್ ತುಘಲಕ್’ ನಾಟಕ ರಂಗಕ್ಕೆ ಬಂದಿತು; 1971ರಲ್ಲಿ ಚಲನಚಿತ್ರವಾಯಿತು.

ಅದರ ಕಥೆ ಹೀಗಿದೆ. ಗೋರಿಯಿಂದ ಜೀವಂತವಾಗಿ ಎದ್ದು ಬಂದ ತುಘಲಕ್ ಹಾಗೂ ಇಬ್ನ್ ಬತೂತ ಎಂದು ಹೇಳಿಕೊಂಡು ಇಬ್ಬರು ಪ್ರತ್ಯಕ್ಷರಾಗುತ್ತಾರೆ. ಜನ ನಂಬುತ್ತಾರೆ, ತುಘಲಕ್ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯೂ ಆಗುತ್ತಾನೆ. ಪಕ್ಷ ಬಿಟ್ಟು ತನ್ನ ಕಡೆಗೆ ಬಂದವರನ್ನೆಲ್ಲ ಉಪಪ್ರಧಾನಿಗಳನ್ನಾಗಿ ಮಾಡುತ್ತಾನೆ. ಭಾಷಾಜಗಳಕ್ಕೆ ಪರಿಹಾರವೆಂದು ಪಾರಸಿಯನ್ನು ರಾಷ್ಟ್ರಭಾಷೆಯೆಂದು ಸಾರುತ್ತಾನೆ! ಕೊನೆಗೆ ಜೊತೆಗಾರನು ನಿಜ ಹೇಳಹೊರಟರೆ ಜನರು ಅವನನ್ನು ನಂಬುವುದೇ ಇಲ್ಲ.

ಪಾರಸಿ ಇಲ್ಲಿ ಯಾರ ಮನೆಮಾತೂ ಅಲ್ಲ. ಆದರೂ ಅದೊಂದು ಪರಿಹಾರದಂತೆ ಕಾಣುವುದೇಕೆ? ಅದರಿಂದ ಎದುರಾಳಿ ಗೆಲ್ಲುವುದಿಲ್ಲ ಎಂಬ ಒಂದೇ ಕಾರಣಕ್ಕೆ. ರಾಜಕೀಯ ಧ್ರುವೀಕರಣವೆಂದರೆ ಇದೇ ಎಂದು ನಾವು ತಿಳಿಯುತ್ತೇವೆ. ಮಗುವಿಗೆ ಏನು ಬೇಕು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ; ಯಾರು ಸೋತರು ಎಂಬುದಷ್ಟೇ ಮುಂದೆ ನಿಲ್ಲುತ್ತದೆ.

ಚೋ 1970ರ ಜನವರಿಯಲ್ಲಿ ‘ತುಗ್ಲಕ್’ ಪತ್ರಿಕೆ ಆರಂಭಿಸಿದರು. ತುರ್ತುಪರಿಸ್ಥಿತಿಯನ್ನು ಅದರಲ್ಲಿ ವಿರೋಧಿಸಿದರು. ಪ್ರತಿ ಪೊಂಗಲ್‌ಗೆ ನಡೆಯುತ್ತಿದ್ದ ವಾರ್ಷಿಕ ಸಭೆಯಲ್ಲಿ ಓದುಗರ ಪ್ರಶ್ನೆಗಳಿಗೆ ಎದುರಿನಲ್ಲಿಯೇ ಉತ್ತರಿಸುತ್ತಿದ್ದರು. ಅವರು ಪಕ್ಷಾತೀತರಾಗಿದ್ದರೆಂದು ನಾವು ಹೇಳುವುದಿಲ್ಲ. ಡಿಎಂಕೆಯನ್ನು ಕಟುವಾಗಿ ಟೀಕಿಸಿದ ಅವರೇ 1996ರಲ್ಲಿ ಅದರ ಮೈತ್ರಿಕೂಟ ಕೂಡಿಬರಲು ಶ್ರಮಿಸಿದರು. ಮುಂದೆ ಜಯಲಲಿತಾ ಅವರನ್ನೂ ನರೇಂದ್ರ ಮೋದಿ ಅವರನ್ನೂ ಬೆಂಬಲಿಸಿದರು. ಅವರ ನಿಲುವುಗಳನ್ನು ಒಪ್ಪದಿರುವವರು ಅನೇಕರಿದ್ದಾರೆ. ಆದರೆ ಎದುರಾಳಿ ಶಾಶ್ವತ ಶತ್ರುವಲ್ಲ, ಪ್ರಶ್ನೆಯಿಂದ ಯಾರೂ ಹೊರತಲ್ಲ ಎಂಬುದು ಅವರ ನಡೆಯಲ್ಲಿ ಕಾಣುತ್ತದೆ. ಅವರು ಹುಟ್ಟಿದ 1934ರಲ್ಲಿಯೇ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕದ ಮೂಲಕ ಕನ್ನಡದಲ್ಲಿ ಇದೇ ಕೆಲಸ ಮಾಡಿದರು: ಅಧಿಕಾರದಲ್ಲಿ ಯಾರೇ ಇರಲಿ, ಮುಂದಿನ ಸಾಲಿನಲ್ಲಿ ಕೂರಿಸಿಯೇ ನಗೆಯಾಡಿದರು.

ನಮಗೆ ಇದರಿಂದ ಏನು ಪ್ರಯೋಜನ? ಹೊಸೂರು, ತಾಳವಾಡಿ ಭಾಗಗಳಲ್ಲಿ ಕನ್ನಡ ಶಾಲೆಗಳಿವೆ. ಗಡಿಯಿಂದ ದೂರವಿರುವ ಕಂಬಂ ಕಣಿವೆಯಲ್ಲಿ ಕನ್ನಡ ತಲೆಮಾರುಗಳಿಂದ ನಾಲಿಗೆಯ ಮೇಲೆ ಬದುಕಿದೆ. ಅಕ್ಷರ ಕಾಣದ ಮಕ್ಕಳೇ ಹೆಚ್ಚು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ಈ ವಿಧಿ ಯಾವ ಪಾಳಯದ ಆಸ್ತಿಯೂ ಅಲ್ಲ.

ಆದುದರಿಂದ ಮುಂದಿನ ಭಾಷಾಚರ್ಚೆಯಲ್ಲಿ ನಾವು ಯಾರ ಪರ ಎಂದು ಕೇಳುವವರಿಗೆ ಒಂದು ಮರುಪ್ರಶ್ನೆ ಹಾಕೋಣ. ತಮಿಳಿನ ಮೇಲಿನ ನಮ್ಮ ಪ್ರೀತಿಗೆ ಕುಂದಿಲ್ಲ, ಅದು ನಮಗೆ ಅನ್ನ ಕೊಟ್ಟ ಭಾಷೆ. ಅದರ ಜೊತೆಗೆ ಈ ಊರಿನ ಮಗುವಿಗೆ ವಾರಕ್ಕೆ ಒಂದೆರಡು ಗಂಟೆ ಕನ್ನಡ ಅಕ್ಷರ ಕಲಿಸಲು ನಿಮ್ಮ ಯೋಜನೆಯಲ್ಲಿ ಸ್ಥಳವಿದೆಯೇ? ಈ ಪ್ರಶ್ನೆಯನ್ನು ಎರಡೂ ಕಡೆಯವರಿಗೆ, ಒಂದೇ ದನಿಯಲ್ಲಿ, ಕೋಪವಿಲ್ಲದೆ ಕೇಳೋಣ.