ಕೈದಿ ಸಂಖ್ಯೆ 9653ಕ್ಕೆ ಒಂಬತ್ತು ಲಕ್ಷ ಮತ

1920ರ ನವೆಂಬರ್‌ನಲ್ಲಿ ನಡೆದ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಒಂದೇ ಒಂದು ಪ್ರಚಾರ ಸಭೆಯಲ್ಲೂ ಮಾತನಾಡಲಿಲ್ಲ. ಆತ ಅಟ್ಲಾಂಟಾ ಜೈಲಿನಲ್ಲಿದ್ದ. ಬೆಂಬಲಿಗರು ಅಂಗಿಗೆ ಸಿಕ್ಕಿಸಿಕೊಂಡ ಬಿಲ್ಲೆಗಳ ಮೇಲೆ ಆತನ ಕೈದಿ ಸಂಖ್ಯೆ 9653 ಎಂದು ಅಚ್ಚಾಗಿತ್ತು. ಆದರೂ 9 ಲಕ್ಷಕ್ಕೂ ಹೆಚ್ಚು ಮತಗಳು ಬಂದವು.

ಆತ ಯೂಜೀನ್ ಡೆಬ್ಸ್. ಇಂಡಿಯಾನಾ ರಾಜ್ಯದ ಟೆರ್ ಹೋಟ್ ಪಟ್ಟಣದಲ್ಲಿ 1855ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ರೈಲ್ವೆ ಕೆಲಸಕ್ಕೆ ಸೇರಿದವನು. 1894ರ ಪುಲ್‌ಮನ್ ಮುಷ್ಕರದ ಮುಂದಾಳತ್ವಕ್ಕಾಗಿ ಆರು ತಿಂಗಳ ಸಜೆ ಅನುಭವಿಸಿದ್ದ. ಸೋಷಲಿಸ್ಟ್ ಪಕ್ಷದಿಂದ ಮತ್ತೆ ಮತ್ತೆ ಸ್ಪರ್ಧಿಸಿ ಸೋತಿದ್ದ.

ಅಂಥವನು ಮುದಿವಯಸ್ಸಿನಲ್ಲಿ ಮತ್ತೆ ಸೆರೆಮನೆ ಸೇರಿದ್ದು ಒಂದು ಭಾಷಣಕ್ಕಾಗಿ. ಸೋಜಿಗವೆಂದರೆ ಸೇರಿಸಿದ್ದು ಸುಧಾರಣಾವಾದಿ ಎಂದು ಹೆಸರಾಗಿದ್ದ ಸರ್ಕಾರ.

1912ರಲ್ಲಿ ಗೆದ್ದ ವುಡ್ರೊ ವಿಲ್ಸನ್ ಕಾಲದಲ್ಲಿ ಅಮೆರಿಕಕ್ಕೆ ಕೇಂದ್ರ ಬ್ಯಾಂಕ್ ವ್ಯವಸ್ಥೆ ಬಂತು. 1916ರಲ್ಲಿ ರೈಲ್ವೆ ನೌಕರರಿಗೆ ಎಂಟು ಗಂಟೆಗಳ ದುಡಿಮೆ, ಬಾಲಕಾರ್ಮಿಕರ ವಿರುದ್ಧ ಕಾನೂನು ಬಂದವು. (ಎರಡನೆಯದನ್ನು 1918ರಲ್ಲಿ ಸುಪ್ರೀಂ ಕೋರ್ಟೇ ಹೊಡೆದುಹಾಕಿತು ಎಂಬುದು ಬೇರೆ ಮಾತು.) ದೇಶವನ್ನು ಯುದ್ಧದಿಂದ ದೂರವಿಟ್ಟ ನಾಯಕ ಎಂಬ ಪ್ರಚಾರದ ಮೇಲೆ ವಿಲ್ಸನ್ 1916ರಲ್ಲಿ ಮರು ಆಯ್ಕೆಯಾದರು. 1917ರ ಏಪ್ರಿಲ್‌ನಲ್ಲಿ ಅವರೇ ದೇಶವನ್ನು ಯುದ್ಧಕ್ಕಿಳಿಸಿದರು!

ಜೂನ್‌ನಲ್ಲಿ ಬೇಹುಗಾರಿಕೆ ಕಾಯ್ದೆ ಬಂತು. ಹೆಸರು ಗೂಢಚಾರರದ್ದಾದರೂ ಸೈನ್ಯದ ನೇಮಕಾತಿಗೆ ಅಡ್ಡಿಪಡಿಸುವವರಿಗೂ ಅದರಲ್ಲಿ 20 ವರ್ಷಗಳವರೆಗೆ ಶಿಕ್ಷೆ ಇತ್ತು. 1918ರ ಮೇ ತಿಂಗಳ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಸರ್ಕಾರ, ಬಾವುಟ, ಕೊನೆಗೆ ಸೈನಿಕರ ಸಮವಸ್ತ್ರವನ್ನು ಹೀನಾಯವಾಗಿ ಬೈದರೂ ಅಪರಾಧ ಎಂದಿತು.

ಒಂದೇ ತಿಂಗಳಲ್ಲಿ, ಜೂನ್ 16ರಂದು, ಡೆಬ್ಸ್ ಒಹಾಯೊ ರಾಜ್ಯದ ಕ್ಯಾಂಟನ್‌ಗೆ ಬಂದ. ಮೊದಲು ಅಲ್ಲಿನ ಜೈಲಿನಲ್ಲಿದ್ದ ಮೂವರು ಸಂಗಾತಿಗಳನ್ನು ಕಂಡು, ನಂತರ ಹತ್ತಿರದ ಉದ್ಯಾನದಲ್ಲಿ ಮಾತನಾಡಿದ. ಯುದ್ಧ ಸಾರುವವರು ಆಳುವವರು, ಸಾಯುವವರು ದುಡಿಯುವವರು ಎಂಬುದು ಭಾಷಣದ ತಿರುಳು. ಸೈನ್ಯ ಸೇರಬೇಡಿ ಎಂದು ಆತ ನೇರವಾಗಿ ಎಲ್ಲೂ ಹೇಳಲಿಲ್ಲ. ಸಭೆಯಲ್ಲಿ ಸರ್ಕಾರದ ಶೀಘ್ರಲಿಪಿಕಾರ ಇದ್ದ. ಎರಡು ವಾರಗಳಲ್ಲಿ ಬಂಧನವಾಯಿತು.

ವಿಚಾರಣೆಯಲ್ಲಿ ಡೆಬ್ಸ್ ತನ್ನ ಪರ ಸಾಕ್ಷಿಗಳನ್ನು ಕರೆಸಲಿಲ್ಲ, ಆಡಿದ ಮಾತನ್ನು ಅಲ್ಲಗಳೆಯಲೂ ಇಲ್ಲ. ಹತ್ತು ವರ್ಷ ಸಜೆಯಾಯಿತು. 1919ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. ಅದೇ ವರ್ಷದ ನವೆಂಬರ್‌ನಲ್ಲಿ, ಇಂಥದೇ ಇನ್ನೊಂದು ಪ್ರಕರಣದಲ್ಲಿ, ವಾಕ್ ಸ್ವಾತಂತ್ರ್ಯದ ಪರ ಪ್ರಸಿದ್ಧ ಭಿನ್ನಮತ ಬರೆದವರೂ ಇವರೇ. ಡೆಬ್ಸ್‌ಗೆ ಅದರಿಂದ ಪ್ರಯೋಜನವಾಗಲಿಲ್ಲ.

ಆತ ಜೈಲಿಗೆ ಹೋದದ್ದು 1919ರ ಏಪ್ರಿಲ್‌ನಲ್ಲಿ; ಆ ವೇಳೆಗೆ ಯುದ್ಧ ಮುಗಿದು ಐದು ತಿಂಗಳಾಗಿತ್ತು. ವಿಲ್ಸನ್ ಪ್ಯಾರಿಸ್‌ನಲ್ಲಿ ಜಗತ್ತಿನ ಶಾಂತಿಯ ಮಾತುಕತೆಯಲ್ಲಿದ್ದರು. 1921ರ ಜನವರಿಯಲ್ಲಿ, ಎಡಪಂಥೀಯರ ಮೇಲೆ ದಾಳಿ ನಡೆಸಿ ಕುಖ್ಯಾತರಾಗಿದ್ದ ಅಟಾರ್ನಿ ಜನರಲ್ ಪಾಮರ್ ಅವರೇ ಬಿಡುಗಡೆಗೆ ಶಿಫಾರಸು ಮಾಡಿದರು. ಅಧ್ಯಕ್ಷರು ಕಡತದ ಮೇಲೆ ನಿರಾಕರಿಸಲಾಗಿದೆ ಎಂದು ಬರೆದರು.

ಬಿಡುಗಡೆ ಮಾಡಿದ್ದು ನಂತರ ಬಂದ ರಿಪಬ್ಲಿಕನ್ ವಾರೆನ್ ಹಾರ್ಡಿಂಗ್. ಸುಧಾರಣೆಯ ಗೊಡವೆಯೇ ಬೇಡ, ದೇಶ ಮಾಮೂಲು ಸ್ಥಿತಿಗೆ ಮರಳಲಿ ಎಂದು ಗೆದ್ದವರು ಅವರು. 1921ರ ಕ್ರಿಸ್‌ಮಸ್ ದಿನ ಡೆಬ್ಸ್ ಹೊರಬಂದಾಗ ಜೈಲಿನೊಳಗಿನ ಕೈದಿಗಳ ಜಯಘೋಷ ಗೇಟಿನಾಚೆಗೂ ಕೇಳಿಸಿತು. ಮರುದಿನ ಶ್ವೇತಭವನದಲ್ಲಿ ಹಾರ್ಡಿಂಗ್ ಕೈಕುಲುಕಿದರು.

ಬಿಡುಗಡೆಯಾಗುವ ಕೈದಿಗೆ ಜೈಲು ಐದು ಡಾಲರ್ ಕೊಡುತ್ತಿತ್ತು. ಡೆಬ್ಸ್ ಅದನ್ನು ಸಾಕೊ ಮತ್ತು ವಾನ್‌ಜೆಟ್ಟಿ ಎಂಬ ಇಬ್ಬರು ಇಟಾಲಿಯನ್ ವಲಸಿಗರ ಮೊಕದ್ದಮೆ ನಿಧಿಗೆ ಕಳುಹಿಸಿಕೊಟ್ಟ. ಕೊಲೆ ಆರೋಪದಲ್ಲಿ ಅವರಿಬ್ಬರೂ ತಪ್ಪಿತಸ್ಥರೆಂದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆ ಜುಲೈನಲ್ಲಷ್ಟೇ ತೀರ್ಮಾನವಾಗಿತ್ತು.