ಗುದ್ದಿದವನು ಸಿಗದಿದ್ದರೂ ಕ್ಲೇಮು ಸಿಗುತ್ತದೆ

ರಜೆಯ ದಿನ ಹೊಗೇನಕಲ್ಲಿಗೆ ಹೋದವರಿಗೆ ಗೊತ್ತು, ಅಲ್ಲಿ ಸಾಲಾಗಿ ನಿಂತ ಕಾರುಗಳಲ್ಲಿ ಎಷ್ಟೋ ಕೆಎ ನಂಬರಿನವು. ಎಣ್ಣೆ ಮಾಲೀಸು, ಮೀನೂಟ, ಹರಿಗೋಲು ಎಲ್ಲ ಮುಗಿಸಿ ಬಂದು ನೋಡಿದರೆ ಹಿಂದಿನ ಬಂಪರು ಸೀಳಿದೆ, ಚಕ್ರದ ಮೇಲಿನ ತಗಡು ಒಳಕ್ಕೆ ಕೂತಿದೆ, ಗುದ್ದಿದ ಗಾಡಿ ಮಾತ್ರ ಇಲ್ಲ. ಏರ್ಕಾಡಿನ ಕೆರೆಯ ಬಳಿ, ಸೇಲಂ ಹೊಸ ಬಸ್ ನಿಲ್ದಾಣದ ಸುತ್ತಮುತ್ತ, ಧರ್ಮಪುರಿಯ ಕಲ್ಯಾಣ ಮಂಟಪಗಳ ಎದುರು ಕೂಡ ಇದೇ ಪಾಡು. ಅಂಥ ಹೊತ್ತಿನಲ್ಲಿ ಮೆಕ್ಯಾನಿಕ್ ಸಿಗುವುದು ತಡವಾಗಬಹುದು, ಸಲಹೆ ಕೊಡುವವರಿಗೆ ಮಾತ್ರ ಬರವಿಲ್ಲ. ತಮಿಳಿನಲ್ಲೂ ಕನ್ನಡದಲ್ಲೂ ಸಿಗುವ ಆ ಸಲಹೆಗಳಲ್ಲಿ ಮುಕ್ಕಾಲು ಪಾಲು ತಪ್ಪು.

‘ಗುದ್ದಿದ ಗಾಡಿಯ ನಂಬರ್ ಇಲ್ಲದೆ ಇನ್ಶೂರೆನ್ಸಿನವರು ಒಂದು ಪೈಸೆಯನ್ನೂ ಕೊಡಲ್ಲ’ ಎನ್ನುವುದು ಮೊದಲನೆಯದು, ಹೆಚ್ಚು ಜನ ನಂಬಿರುವುದೂ ಅದನ್ನೇ. ನಂಬರ್ ಬೇಕಾಗುವುದು ಆ ಗಾಡಿಯ ವಿಮೆಯಿಂದ ದುಡ್ಡು ಕೇಳುವಾಗ. ನಿಮ್ಮ ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ಭಾಗವಿದ್ದರೆ, ಹೊರಗಿನ ಹೊಡೆತದಿಂದ ನಿಮ್ಮ ಕಾರಿಗಾದ ನಷ್ಟವನ್ನು ನಿಮ್ಮ ಕಂಪನಿಯೇ ತುಂಬಬೇಕು. ಹೊಡೆದವನು ಯಾರೆಂದು ಪತ್ತೆಯಾಗಬೇಕೆಂಬ ಷರತ್ತು ಅದರಲ್ಲಿಲ್ಲ. ಕಾರು ನಿಂತಿತ್ತೋ ಓಡುತ್ತಿತ್ತೋ ಎಂಬುದೂ ಮುಖ್ಯವಲ್ಲ.

ಎಡವುವುದು ಬೇರೆ ಕಡೆ. ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ನಿಮ್ಮ ಕಾರಿಗೆ ಬಿಡಿಗಾಸೂ ಇಲ್ಲ. ಅದಿರುವುದು ನಿಮ್ಮ ಗಾಡಿಯಿಂದ ಇನ್ನೊಬ್ಬರಿಗಾದ ಹಾನಿಗೆ. ‘ನನ್ನದು ಮೂರು ವರ್ಷದ ಪಾಲಿಸಿ, ಇನ್ನೂ ಚಾಲ್ತಿಯಲ್ಲಿದೆ’ ಎಂದು ನೆಮ್ಮದಿಯಿಂದಿರುವವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಶೋರೂಮಿನಲ್ಲಿ ಕೊಡುವ ಕಾಗದದಲ್ಲಿ ಸಾಮಾನ್ಯವಾಗಿ ಎರಡು ಅವಧಿಗಳಿರುತ್ತವೆ: ಥರ್ಡ್ ಪಾರ್ಟಿ ಮೂರು ವರ್ಷ, ಓನ್ ಡ್ಯಾಮೇಜ್ ಒಂದೇ ವರ್ಷ. ಎರಡನೇ ವರ್ಷ ಪೊಲೀಸರು ತಡೆದು ಕೇಳಿದರೂ ಪಾಲಿಸಿ ಸರಿಯಾಗಿಯೇ ಕಾಣುತ್ತದೆ, ದಂಡ ಬೀಳುವುದಿಲ್ಲ. ಬಂಪರು ಒಡೆದ ದಿನವೇ ಅರ್ಧ ಪಾಲಿಸಿ ಎಂದೋ ಮುಗಿದಿತ್ತೆಂದು ಗೊತ್ತಾಗುವುದು. ಓನ್ ಡ್ಯಾಮೇಜನ್ನು ಪ್ರತ್ಯೇಕವಾಗಿ ಕೊಳ್ಳುವ ಅವಕಾಶ 2019ರ ಸೆಪ್ಟೆಂಬರಿನಿಂದ ಇದೆ.

ಎರಡನೆಯ ಸಲಹೆ ಸರ್ಕಾರದ ಕಡೆ ಬೆರಳು ತೋರಿಸುತ್ತದೆ: ‘ಹಿಟ್ ಅಂಡ್ ರನ್‌ಗೆ ಸರ್ಕಾರವೇ ಪರಿಹಾರ ಕೊಡುತ್ತದಲ್ಲ!’ ಕೊಡುತ್ತದೆ, ಮನುಷ್ಯರಿಗೆ. ಮೋಟಾರು ವಾಹನ ಕಾಯ್ದೆಯ 161ನೇ ಸೆಕ್ಷನ್ ಮತ್ತು 2022ರ ಏಪ್ರಿಲ್ 1ರಂದು ಜಾರಿಯಾದ ಯೋಜನೆಯಂತೆ, ಗುದ್ದಿ ಓಡಿದ ಗಾಡಿ ಪತ್ತೆಯಾಗದಿದ್ದರೆ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50 ಸಾವಿರ ರೂಪಾಯಿ. ಮೊದಲು ಇದು 25,000 ಮತ್ತು 12,500 ಇತ್ತು. ಅಪಘಾತಗಳಿಗೆ ಹೆಸರಾದ ತೊಪ್ಪೂರು ಘಾಟಿಯಂಥ ಕಡೆ ಕುಟುಂಬದವರನ್ನು ಕಳೆದುಕೊಂಡವರು ತಿಳಿದಿರಲೇಬೇಕಾದ ಯೋಜನೆಯಿದು, ಕಾರಿನ ಬಾಗಿಲಿಗೆ ಮಾತ್ರ ಸಂಬಂಧವಿಲ್ಲ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ಗುದ್ದಿ ಓಡುವವರಿಗೆ ಹೊಸ ಕಾನೂನು ಹೇಳಿದ ಹತ್ತು ವರ್ಷದ ಶಿಕ್ಷೆಯ ವಿರುದ್ಧ. ಅದೂ ಸಾವಿನ ಪ್ರಕರಣಗಳಿಗೇ ಸೇರಿದ ಮಾತು. ನಿಂತ ಕಾರಿಗೆ ಗುದ್ದಿದವನಿಗೆ ಅನ್ವಯಿಸುವುದು ಹಳೆಯ ನಿಯಮವೇ. ಅಪಘಾತವಾದರೆ ಚಾಲಕ ಪೊಲೀಸರಿಗೂ ವಿಮೆ ಕಂಪನಿಗೂ ತಿಳಿಸಬೇಕೆನ್ನುತ್ತದೆ 134ನೇ ಸೆಕ್ಷನ್.

ಎಫ್‌ಐಆರ್ ಇಲ್ಲದೆ ಕ್ಲೇಮೇ ಇಲ್ಲ ಎಂಬುದು ಅರ್ಧ ಸತ್ಯ. ಕಳ್ಳತನಕ್ಕೆ ಬೇಕು, ಯಾರಿಗಾದರೂ ಪೆಟ್ಟಾಗಿದ್ದರೆ ಬೇಕು. ನಿಂತ ಕಾರಿನ ಸಣ್ಣ ಹಾನಿಗೆ ಎಷ್ಟೋ ಕಂಪನಿಗಳು ಕೇಳುವುದೇ ಇಲ್ಲ. ಹಾಗೆಂದು ಠಾಣೆಯ ದಾರಿ ಬಿಡಬೇಡಿ. ತಮಿಳುನಾಡಿನ ಠಾಣೆಗಳಲ್ಲಿ ಸಿಎಸ್‌ಆರ್ ಎಂಬ ಪದ್ಧತಿಯಿದೆ. ಎಫ್‌ಐಆರ್ ದಾಖಲಿಸದಿದ್ದರೂ ನಿಮ್ಮ ದೂರನ್ನು ಸಮುದಾಯ ಸೇವಾ ರಿಜಿಸ್ಟರಿನಲ್ಲಿ ಬರೆದುಕೊಂಡು, ಸಂಖ್ಯೆ ಹಾಕಿದ ರಸೀದಿ ಕೊಡುತ್ತಾರೆ. ಬೆಂಗಳೂರಿನಿಂದ ಹೋದವರು ಅದನ್ನು ‘ಕಳಿಸಿಬಿಡಲು ಕೊಟ್ಟ ಚೀಟಿ’ ಎಂದುಕೊಂಡು ಬೇಸರಪಟ್ಟುಕೊಳ್ಳುತ್ತಾರೆ. ಆದರೆ ಯಾವ ದಿನ, ಎಲ್ಲಿ, ಏನಾಯಿತೆಂದು ಆ ಹೊತ್ತಿಗೇ ಹೇಳಿದ್ದಿರಿ ಎನ್ನಲು ಅದಕ್ಕಿಂತ ಒಳ್ಳೆಯ ಕಾಗದವಿಲ್ಲ. ಠಾಣೆಗೆ ಹೋಗುವ ಮುಂಚೆ ಎದುರಿನ ಅಂಗಡಿಯ ಸಿಸಿಟಿವಿಯನ್ನು ವಿಚಾರಿಸಿ. ಸಣ್ಣ ಅಂಗಡಿಗಳ ಕ್ಯಾಮೆರಾಗಳಲ್ಲಿ ಹಳೆಯದರ ಮೇಲೆಯೇ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ.

ಈಗ ಗ್ಯಾರೇಜಿನಲ್ಲಿ ಸಿಗುವ ಸಲಹೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಪಾಯದ್ದು. ‘ಯಾರೋ ಗುದ್ದಿ ಹೋದರು ಅಂತ ಬರೆದರೆ ತಲೆನೋವು ಸಾರ್, ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿತು ಅಂತ ಬರೀರಿ.’ ನಿಮ್ಮ ನಿಜಕ್ಕೇ ದುಡ್ಡು ಸಿಗುವಾಗ ಸುಳ್ಳು ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಸರ್ವೇಯರ್ ಬಂದು ನೋಡುವುದು ನಿಮ್ಮ ಕ್ಲೇಮ್ ಫಾರ್ಮನ್ನಲ್ಲ, ತಗಡನ್ನು. ಕಂಬಕ್ಕೆ ತಾಗಿದ್ದರೆ ನೆಗ್ಗು ಕಿರಿದಾಗಿ, ಮೇಲಿನಿಂದ ಕೆಳಕ್ಕೆ ಉದ್ದವಾಗಿರುತ್ತದೆ. ಲಾರಿ ಹಿಂದಕ್ಕೆ ಬಂದು ಒತ್ತಿದ್ದರೆ ಪೆಟ್ಟು ನಿಮ್ಮ ಬಂಪರಿಗಿಂತ ಮೇಲೆ, ಡಿಕ್ಕಿಯ ಬಾಗಿಲ ಮಟ್ಟದಲ್ಲಿ ಬಿದ್ದಿರುತ್ತದೆ. ನೀವೇ ಮುಂದಕ್ಕೆ ಓಡಿಸಿಕೊಂಡು ಹೋಗಿ ಗೋಡೆಗೆ ಉಜ್ಜಿಸಿದ್ದರೆ ಗೀರುಗಳು ಮುಂದಿನಿಂದ ಹಿಂದಕ್ಕೆ ಹರಿಯುತ್ತವೆ. ನಿಂತ ಕಾರನ್ನು ಹಿಂದಿನಿಂದ ಬಂದ ಗಾಡಿ ಸವರಿ ಹೋಗಿದ್ದರೆ ಹಿಂದಿನಿಂದ ಮುಂದಕ್ಕೆ. ಗೀರಿನ ಅಂಚಿನಲ್ಲಿ ಬೇರೆ ಗಾಡಿಯ ಹಸಿರೋ ಹಳದಿಯೋ ಬಣ್ಣ ಅಂಟಿಕೊಂಡಿರುತ್ತದೆ, ಕಂಬದಿಂದ ಅಂಥ ಬಣ್ಣ ಬರುವುದಿಲ್ಲ. ಕಥೆಗೂ ತಗಡಿಗೂ ತಾಳೆಯಾಗದಿದ್ದರೆ ಸುಳ್ಳು ಹೇಳಿಕೆಯ ಕಾರಣಕ್ಕೇ ಕ್ಲೇಮು ತಿರಸ್ಕಾರವಾಗಬಹುದು. ಸರ್ವೆಗೆ ಮುಂಚೆ ರಿಪೇರಿ ಮಾಡಿಸಲೂಬೇಡಿ, ಆ ಬಣ್ಣ ಒರೆಸಲೂಬೇಡಿ. ನಂಬರ್ ಪ್ಲೇಟ್, ಪೆಟ್ಟು, ಸುತ್ತಲಿನ ಜಾಗ ಮೂರೂ ಕಾಣುವಂತೆ ನಿಂತಲ್ಲೇ ಫೋಟೋ ತೆಗೆದು, ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆಯಿರಿ.

‘ತಪ್ಪು ನನ್ನದಲ್ಲ, ಹಾಗಾಗಿ ನನ್ನ ನೋ ಕ್ಲೇಮ್ ಬೋನಸ್ ಹೋಗಲ್ಲ.’ ಹೋಗುತ್ತದೆ. ಆ ಬೋನಸ್ ನೋಡುವುದು ತಪ್ಪು ಯಾರದೆಂದಲ್ಲ, ಕ್ಲೇಮು ಆಯಿತೋ ಇಲ್ಲವೋ ಎಂದು ಮಾತ್ರ. ಕ್ಲೇಮಿಲ್ಲದೆ ಕಳೆದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20, 25, 35, 45, ಕೊನೆಗೆ 50 ಶೇಕಡಾ ರಿಯಾಯಿತಿ. ಒಂದು ಕ್ಲೇಮಾದರೆ ಮುಂದಿನ ನವೀಕರಣಕ್ಕೆ ಸೊನ್ನೆ. ಬೋನಸ್ ಉಳಿಸುವ ಹೆಚ್ಚುವರಿ ಕವರ್ ಕೊಂಡಿದ್ದರೆ ಮಾತ್ರ ಬೇರೆ ಮಾತು.

ಲೆಕ್ಕ ಹಾಕಿಯೇ ನೋಡೋಣ. ಐದನೇ ವರ್ಷದಲ್ಲಿರುವ 1500 ಸಿಸಿ ಒಳಗಿನ ಕಾರು, ಈಗ 45 ಶೇಕಡಾ ಬೋನಸ್ ಇದೆ, ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ ಡೆಪ್ ಕವರ್ ಇಲ್ಲ. ರಿಪೇರಿ 18,000 ರೂಪಾಯಿ ಎನ್ನಿ: ಬಂಪರು 6,000, ತಗಡಿನ ಫೆಂಡರು 4,000, ಪೇಂಟಿಂಗ್ 6,000, ಕೂಲಿ 2,000. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ 50 ಶೇಕಡಾ, ಅಂದರೆ ಬಂಪರಿಗೆ ಸಿಗುವುದು 3,000. ನಾಲ್ಕು ದಾಟಿ ಐದರೊಳಗಿನ ಕಾರಿನ ತಗಡಿಗೆ ಸವಕಳಿ 35 ಶೇಕಡಾ, ಫೆಂಡರಿಗೆ 2,600. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದಿಟ್ಟು ಅದರಲ್ಲಿ ಅರ್ಧ ಮುರಿಯುತ್ತಾರೆ, ಉಳಿಯುವುದು 5,250. ಕೂಲಿ ಪೂರ್ತಿ. ಒಟ್ಟು 12,850. ಕಡ್ಡಾಯ ಕಡಿತ 1,000 ಕಳೆದರೆ ಕೈಗೆ 11,850. ಇನ್ನು ಬೋನಸ್. ರಿಯಾಯಿತಿಗೆ ಮುಂಚಿನ ಪ್ರೀಮಿಯಂ 8,000 ಎಂದುಕೊಂಡರೆ, 50ಕ್ಕೆ ಏರಬೇಕಿದ್ದ ಬೋನಸ್ ಸೊನ್ನೆಯಾಗಿ, ಮತ್ತೆ ಮೆಟ್ಟಿಲು ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಳೆದುಕೊಳ್ಳುವುದು 4,000, 2,400, 2,000, 1,200, 400. ಕೂಡಿದರೆ 10,000. ಪ್ರೀಮಿಯಂ ವರ್ಷ ವರ್ಷ ಇಳಿದರೆ ನಷ್ಟ ಇನ್ನಷ್ಟು ಕಡಿಮೆಯಾಗುತ್ತದೆ, ನಿಜ. ಆದರೂ ಇಷ್ಟೆಲ್ಲ ಓಡಾಟದ ಲಾಭ ಸಾವಿರಗಳಲ್ಲಿ ಒಂದೋ ಎರಡೋ, ಹೆಚ್ಚೆಂದರೆ ಮೂರೋ ನಾಲ್ಕೋ. ಇಂಥ ಕಾರಿಗೆ ಬರೀ ಬಂಪರು ಹೋಗಿದ್ದರೆ ಕ್ಲೇಮು ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಡಿಕ್ಕಿ, ಬಾಗಿಲು, ದೀಪ ಎಲ್ಲ ಹೋಗಿದ್ದರೆ ಹಿಂದೆಮುಂದೆ ನೋಡಬೇಡಿ.

ಉಳಿದ ಸಣ್ಣಪುಟ್ಟವು. ಕರ್ನಾಟಕದ ಕಾರಿಗೆ ತಮಿಳುನಾಡಿನಲ್ಲಿ ಪೆಟ್ಟಾದರೆ ಕ್ಲೇಮಿಲ್ಲ ಎಂಬುದು ಶುದ್ಧ ಸುಳ್ಳು, ಪಾಲಿಸಿ ಇಡೀ ದೇಶಕ್ಕೆ. ನೋ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ದಂಡ ಬೀಳಬಹುದು, ಅದೊಂದರಿಂದಲೇ ಓನ್ ಡ್ಯಾಮೇಜ್ ಹೋಗುವುದಿಲ್ಲ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಧರ್ಮಪುರಿಯಲ್ಲಿ ಓಡಿಸುವವರು ಮಾತ್ರ ಎಚ್ಚರ: ಆರ್‌ಸಿ ಬದಲಾದರೆ ಥರ್ಡ್ ಪಾರ್ಟಿ ವಿಮೆ ತಾನಾಗಿ ನಿಮಗೆ ಬರುತ್ತದೆ, ಓನ್ ಡ್ಯಾಮೇಜ್ ಬರುವುದಿಲ್ಲ. ಹದಿನಾಲ್ಕು ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು. ‘ಓನರ್ಸ್ ರಿಸ್ಕ್’ ಎಂದು ಅಚ್ಚಾದ ಪಾರ್ಕಿಂಗ್ ಚೀಟಿ ಕೊಟ್ಟವನು ಎಲ್ಲದರಿಂದ ಪಾರಾದ ಎಂದೂ ಅಲ್ಲ. ದೆಹಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ್ದ ಕಾರು 1998ರಲ್ಲಿ ಕಳುವಾಗಿತ್ತು. ಹೋಟೆಲಿನ ಸ್ವಂತ ನಿರ್ಲಕ್ಷ್ಯಕ್ಕೆ ಆ ಸಾಲು ಗುರಾಣಿಯಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೀಲಿ ನಿಮ್ಮ ಜೇಬಿನಲ್ಲೇ ಇದ್ದರೆ ಪಾರ್ಕಿಂಗಿನವರ ವಿರುದ್ಧ ನಿಮ್ಮ ವಾದ ಅಷ್ಟು ಗಟ್ಟಿಯಾಗಿ ನಿಲ್ಲಲಾರದು.

ಯಾರೋ ಪುಣ್ಯಾತ್ಮರು ನಂಬರ್ ಗುರುತಿಟ್ಟುಕೊಂಡಿದ್ದರೆ? ಟಿಎನ್ 29 ಧರ್ಮಪುರಿ, 30 ಸೇಲಂ ಪಶ್ಚಿಮ, 52 ಲಾರಿಗಳ ಊರಾದ ಸಂಕಗಿರಿ. ಪೂರ್ತಿ ನಂಬರ್ ಸಿಕ್ಕರೆ ಆ ಗಾಡಿಯ ವಿಮೆಯಿಂದ ಪರಿಹಾರ ಕೋರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಸೇಲಮ್ಮಿಗೇ ಅಲೆಯಬೇಕಿಲ್ಲ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು, ಕಾಯ್ದೆ ಕೊಡುವ ಗಡುವು ಆರು ತಿಂಗಳು. ಆದರೆ ಒಂದೇ ನಷ್ಟಕ್ಕೆ ಎರಡೂ ಕಡೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹದಿನೆಂಟು ಸಾವಿರದ ಬಿಲ್ಲಿಗೆ ವಕೀಲರನ್ನಿಟ್ಟು ಕೋರ್ಟಿಗೆ ಹೋಗುವುದು ಹಟಕ್ಕೆ ಸರಿ, ಲೆಕ್ಕಕ್ಕಲ್ಲ.

ಊರು ತಲುಪಿ ಎರಡು ದಿನ ತಡವಾಗಿ ತಿಳಿಸಿದ್ದಕ್ಕೆ ಕ್ಲೇಮು ತಳ್ಳಿಹಾಕಿದರೆ ಸುಮ್ಮನಾಗಬೇಡಿ. ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ನಿರಾಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರಂದೇ ಸುತ್ತೋಲೆ ಹೊರಡಿಸಿದೆ. ಮೊದಲು ಕಂಪನಿಗೆ ಬರೆದು ದೂರು ಕೊಡಿ. ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ, ತಮಿಳುನಾಡಿನವರಿಗೆ ಚೆನ್ನೈನಲ್ಲಿ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಡ.