ಭಾಷಣ ಯಾರದ್ದೆಂದು ಕೇಳುವ ಮೊದಲು

2014ರ ಶಿಕ್ಷಕರ ದಿನ ನಮ್ಮಲ್ಲಿ ಹಲವರಿಗೆ ಇನ್ನೂ ನೆನಪಿರಬಹುದು. ಅಂದು ಶುಕ್ರವಾರ. ಪ್ರಧಾನಿ ನರೇಂದ್ರ ಮೋದಿಯವರು ದಿಲ್ಲಿಯ ಮಾಣೆಕ್‌ ಶಾ ಸಭಾಂಗಣದಿಂದ ಮಧ್ಯಾಹ್ನ 3 ಗಂಟೆಗೆ ದೇಶದ ಮಕ್ಕಳೊಂದಿಗೆ ಮಾತನಾಡುತ್ತಾರೆ, ಶಾಲೆಗಳು ಟಿವಿಯೋ ರೇಡಿಯೋವೋ ಇಟ್ಟು ಅದನ್ನು ಮಕ್ಕಳಿಗೆ ಕೇಳಿಸಬೇಕು ಎಂದು ಕೇಂದ್ರದಿಂದ ಸೂಚನೆ ಬಂದಿತ್ತು. ಜುಮಾ ಮುಗಿಸಿ ಮಸೀದಿ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುವಾಗಲೂ ಅದೇ ಮಾತು. ‘ಇವತ್ತು ಮಕ್ಕಳನ್ನು ಶಾಲೆಗೆ ಕಳಿಸ್ಲೇಬಾರ್ದಿತ್ತು’ ಎಂದರು ಒಬ್ಬರು. ‘ಎಂತ ಮಾರಾಯ್ರೆ, ದೇಶದ ಪ್ರಧಾನಿ ಮಾತಾಡಿದ್ದನ್ನು ಕೇಳಿದ್ರೆ ಮಕ್ಕಳ ಕಿವಿ ಉದುರಿ ಹೋಗ್ತದಾ?’ ಎಂದರು ಇನ್ನೊಬ್ಬರು. ಇಬ್ಬರೂ ಒಂದೇ ಜಮಾಅತಿನವರು. ಇಬ್ಬರ ಮಕ್ಕಳೂ ಒಂದೇ ಶಾಲೆಗೆ ಹೋಗುವವರು.

ಆ ಜಗಳ ಅಲ್ಲಿಗೆ ಮುಗಿಯಲಿಲ್ಲ. 2018ರ ಫೆಬ್ರವರಿಯಲ್ಲಿ ‘ಪರೀಕ್ಷಾ ಪೇ ಚರ್ಚಾ’ ಶುರುವಾದ ಮೇಲೆ ಪರೀಕ್ಷೆಯ ದಿನಗಳಲ್ಲೂ ಅದೇ ಪ್ರಶ್ನೆ ಏಳುತ್ತದೆ: ರಾಜಕೀಯ ನಾಯಕರೊಬ್ಬರ ಭಾಷಣವನ್ನು ಶಾಲೆಯಲ್ಲಿ ತೋರಿಸುವುದು ಸರಿಯೇ?

2014ರಲ್ಲಿ ನಡೆದದ್ದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಸೂಚನೆ ಹೊರಟ ಕೂಡಲೇ ವಿರೋಧ ಬಂತು. ಪಶ್ಚಿಮ ಬಂಗಾಳದಿಂದ ಆಕ್ಷೇಪ ಕೇಳಿಬಂತು. ಅದೇ ಹೊತ್ತಿಗೆ ಪ್ರಬಂಧ ಸ್ಪರ್ಧೆಯೊಂದಕ್ಕೆ ‘ಗುರು ಉತ್ಸವ’ ಎಂದು ಹೆಸರಿಟ್ಟದ್ದಕ್ಕೆ ತಮಿಳುನಾಡಿನ ಪಕ್ಷಗಳು ಸಿಟ್ಟಾದವು. ಕೊನೆಗೆ ಆಗಿನ ಮಾನವ ಸಂಪನ್ಮೂಲ ಸಚಿವೆ ಸ್ಮೃತಿ ಇರಾನಿಯವರು, ಇದರಲ್ಲಿ ಕಡ್ಡಾಯವೇನೂ ಇಲ್ಲ, ಇಷ್ಟವಿದ್ದವರು ಕೇಳಬಹುದು ಎಂದರು.

ಇನ್ನು ಭಾಷಣದಲ್ಲಿ ಏನಿತ್ತು? ಹೆಣ್ಣುಮಕ್ಕಳ ಶಿಕ್ಷಣ, ಶಾಲೆಗಳಲ್ಲಿ ಅವರಿಗೆ ಬೇಕಾದ ಶೌಚಾಲಯ, ಆಟ, ಜಪಾನಿನಲ್ಲಿ ಶಿಕ್ಷಕರೂ ಮಕ್ಕಳೂ ಸೇರಿ ಶಾಲೆ ಗುಡಿಸುವ ವಿಚಾರ. ನಾನೂ ಪ್ರಧಾನಿ ಆಗುವುದು ಹೇಗೆ ಎಂದು ಮಣಿಪುರದ ಹುಡುಗನೊಬ್ಬ ಕೇಳಿದಾಗ, 2024ರ ಚುನಾವಣೆಗೆ ತಯಾರಾಗು ಎಂದು ಪ್ರಧಾನಿ ತಮಾಷೆ ಮಾಡಿದರು. ಹೆಣ್ಣುಮಕ್ಕಳು ಅರ್ಧಕ್ಕೆ ಶಾಲೆ ಬಿಡಬಾರದು ಎಂಬ ಮಾತನ್ನು ನಮ್ಮ ಉಸ್ತಾದರೂ ಹೇಳುತ್ತಾರೆ, ನಾವೂ ಇದೇ ಪುಟದಲ್ಲಿ ಹೇಳುತ್ತೇವೆ. ಅದಕ್ಕೆ ಯಾರು ತಾನೇ ಬೇಡ ಎಂದಾರು?

ಹಾಗಾದರೆ ತಕರಾರು ಯಾಕೆ? ಮೊದಲನೆಯದು ಭಾಷೆ. ಆ ಭಾಷಣ ಹಿಂದಿಯಲ್ಲಿತ್ತು. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ತರಗತಿಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಹಿಂದಿಯ ಮುಖ ಕಾಣುವುದು ಆರನೇ ತರಗತಿಯಲ್ಲಿ. ಮೂರನೇ ತರಗತಿಯ ಮಗು ಒಂದೂಮುಕ್ಕಾಲು ಗಂಟೆ ಚಾಪೆಯ ಮೇಲೆ ಕೂತು ಎಂತ ಅರ್ಥ ಮಾಡಿಕೊಳ್ಳುವುದು? ಇದು ಮೋದಿ ಪರವೂ ಅಲ್ಲ, ವಿರೋಧವೂ ಅಲ್ಲ, ಬರೀ ಮಗುವಿನ ಪ್ರಶ್ನೆ.

ಎರಡನೆಯದು, ಬೇಡ ಎನ್ನುವವರ ಪಾಡು. ‘ಇಷ್ಟವಿದ್ದವರು ಕೇಳಲಿ’ ಎಂದು ದಿಲ್ಲಿಯಲ್ಲಿ ಹೇಳುವುದು ಸುಲಭ. ಐವತ್ತು ಮಕ್ಕಳ ತರಗತಿಯಿಂದ ಮೂರು ಮಕ್ಕಳು ಎದ್ದು ಹೊರಗೆ ಹೋದರೆ, ಆ ಮೂವರೂ ನಮ್ಮವರೇ ಆಗಿದ್ದರೆ, ನಾಳೆ ಆಟದ ಬಯಲಲ್ಲಿ ಅವರಿಗೆ ಏನು ಹೆಸರು ಬೀಳುತ್ತದೆ ಎಂದು ನಮಗೆ ಗೊತ್ತು. ಈ ಭಯದಿಂದಲೇ ಎಷ್ಟೋ ಉಮ್ಮಂದಿರು ‘ಸುಮ್ನೆ ಕೂತು ಬಾ ಮಗಾ’ ಎಂದು ಹೇಳಿ ಕಳಿಸುತ್ತಾರೆ. ಹೆದರಿ ಒಪ್ಪಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಆದರೆ ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಇಂಥ ಜಗಳದಲ್ಲಿ ಹೆಚ್ಚಿನವರು ನೋಡುವುದು ಮಗುವನ್ನಲ್ಲ, ವೇದಿಕೆಯಲ್ಲಿ ನಿಂತವರನ್ನು. ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕದ ಉದಾಹರಣೆ ನೋಡಿ. 1991ರ ಅಕ್ಟೋಬರ್ 1ರಂದು ಅಧ್ಯಕ್ಷ ಜಾರ್ಜ್ ಬುಷ್, ಈಗಿನವರು ಹಿರಿಯ ಬುಷ್ ಎನ್ನುವವರು, ವಾಷಿಂಗ್ಟನ್ನಿನ ಶಾಲೆಯೊಂದರಿಂದ ದೇಶದ ಮಕ್ಕಳಿಗೆ ಭಾಷಣ ಮಾಡಿದರು. ಸರಕಾರದ ದುಡ್ಡಿನಲ್ಲಿ ಪಕ್ಷದ ಪ್ರಚಾರ ಎಂದು ಡೆಮಾಕ್ರಟಿಕ್ ಪಕ್ಷದವರು ಗದ್ದಲ ಎಬ್ಬಿಸಿದರು. ಲೆಕ್ಕ ತನಿಖೆಯೂ ಆಯಿತು. ಹದಿನೆಂಟು ವರ್ಷದ ಮೇಲೆ, 2009ರ ಸೆಪ್ಟಂಬರ್ 8ರಂದು, ಬರಾಕ್ ಒಬಾಮ ವರ್ಜೀನಿಯಾದ ಶಾಲೆಯೊಂದರಿಂದ ಹಾಗೆಯೇ ಮಾತನಾಡಿದರು. ಈ ಸಲ ರಿಪಬ್ಲಿಕನ್ ಪಕ್ಷದವರು ಎದ್ದರು. ಮಕ್ಕಳ ತಲೆಗೆ ಸಮಾಜವಾದ ತುಂಬುತ್ತಾರೆ ಎಂದರು. ಕೆಲವು ಪೋಷಕರು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಹಿಂದೆ ಬೈದವರು ಈಗ ಸುಮ್ಮನಾದರು, ಹಿಂದೆ ಸುಮ್ಮನಿದ್ದವರು ಈಗ ಬೈದರು. ಮಕ್ಕಳು ಮಾತ್ರ ಎರಡೂ ಸಲ ಬೆಂಚಿನಲ್ಲೇ ಇದ್ದರು.

ಆದರೆ ಒಬಾಮ ಪ್ರಕರಣದಲ್ಲಿ ಕಲಿಯಬೇಕಾದ ಎರಡು ವಿಷಯಗಳಿವೆ. ಅಲ್ಲಿನ ಶಿಕ್ಷಣ ಇಲಾಖೆ ಮೊದಲು ಕಳಿಸಿದ ಪಾಠ ಸೂಚನೆಯಲ್ಲಿ, ಅಧ್ಯಕ್ಷರಿಗೆ ನೆರವಾಗಲು ತಾವೇನು ಮಾಡಬಹುದೆಂದು ಮಕ್ಕಳು ತಮಗೆ ತಾವೇ ಪತ್ರ ಬರೆಯಲಿ ಎಂದಿತ್ತು. ಆಕ್ಷೇಪ ಬಂದ ಮೇಲೆ ಅದನ್ನು ಬದಲಿಸಿ, ಓದಿನಲ್ಲಿ ತಮ್ಮ ಗುರಿ ಮುಟ್ಟುವುದು ಹೇಗೆಂದು ಬರೆಯಲಿ ಎಂದು ತಿದ್ದಿದರು. ಭಾಷಣದ ಪೂರ್ತಿ ಪಾಠವನ್ನು ಮುಂಚಿನ ದಿನವೇ ಹೊರಗೆ ಬಿಟ್ಟರು. ತಂದೆ ತಾಯಿ ಓದಿ ನೋಡಿದರು. ಗದ್ದಲ ಅರ್ಧ ತಣ್ಣಗಾಯಿತು.

ನಮ್ಮ ನೆಲದಲ್ಲೂ ದಾರಿ ತೋರಿಸುವ ತೀರ್ಪು ಇದೆ. 1985ರಲ್ಲಿ ಕೇರಳದ ಶಾಲೆಯೊಂದು ಮೂವರು ಮಕ್ಕಳನ್ನು ಹೊರಗೆ ಹಾಕಿತು. ಅವರು ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೇ. ಬಿಜೋ ಇಮ್ಯಾನುವೆಲ್ ಪ್ರಕರಣವೆಂದು ಹೆಸರಾದ ಅದರಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು, ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ರಾಷ್ಟ್ರಗೀತೆಯ ವಿಷಯದಲ್ಲೇ ಮಗುವಿನ ಮೌನಕ್ಕೆ ಇಷ್ಟು ಬೆಲೆ ಇದ್ದರೆ, ಒಬ್ಬ ನಾಯಕರ ಭಾಷಣದ ವಿಷಯದಲ್ಲಿ ಕೇಳಬೇಕೇ? ಧಾರ್ಮಿಕ ಬೋಧನೆಗೆ ಪೋಷಕರ ಒಪ್ಪಿಗೆ ಬೇಕು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ರಾಜಕೀಯ ಭಾಷಣಕ್ಕೆ ಅಂಥ ವಿಧಿ ಬರೆದಿಟ್ಟಿಲ್ಲ, ಆದರೂ ಅದೇ ಮರ್ಯಾದೆ ಇಲ್ಲಿಯೂ ಸಲ್ಲಬೇಕು.

ಈಗ ನಮ್ಮ ಅಂಗಳಕ್ಕೆ ಬರೋಣ. ನಮ್ಮದೇ ಆಡಳಿತದ ಶಾಲೆಗಳ ವಾರ್ಷಿಕೋತ್ಸವದಲ್ಲಿ ಎಂತ ನಡೆಯುತ್ತದೆ? ಶಾಸಕರು ಬರುವುದು ಎರಡು ಗಂಟೆ ತಡ. ಬಂದ ಮೇಲೆ ತಮ್ಮ ಅನುದಾನದ ಲೆಕ್ಕ, ಎದುರು ಪಕ್ಷಕ್ಕೆ ನಾಲ್ಕು ಮಾತು. ಮಕ್ಕಳು ಬಣ್ಣದ ಬಟ್ಟೆಯಲ್ಲಿ ಬೆವರುತ್ತಾ ಕಾಯುತ್ತಾರೆ. ಆ ಶಾಲೆಗಳಲ್ಲಿ ನಮ್ಮ ಮಕ್ಕಳು ಮಾತ್ರ ಇರುವುದಿಲ್ಲ, ಹಿಂದೂ, ಕ್ರೈಸ್ತ ಮಕ್ಕಳೂ ಇರುತ್ತಾರೆ. ಅವರ ಮನೆಯವರನ್ನು ನಾವು ಒಂದು ಮಾತು ಕೇಳಿದ್ದುಂಟಾ? ಆ ನಾಯಕರು ‘ನಮ್ಮವರು’ ಎಂಬ ಕಾರಣಕ್ಕೆ ನಾವು ಚಪ್ಪಾಳೆ ತಟ್ಟಿದರೆ, ಇನ್ನೊಬ್ಬರು ಬಂದಾಗ ತಕರಾರು ಎತ್ತುವ ನೈತಿಕ ಹಕ್ಕು ನಮಗೆಲ್ಲಿ ಉಳಿಯಿತು?

ಆದ್ದರಿಂದ ಭಾಷಣ ಯಾರದ್ದು ಎಂದು ಕೇಳುವ ಮೊದಲು ನಿಯಮ ಏನು ಎಂದು ಕೇಳೋಣ. ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಸಾರಾಂಶ ಮೊದಲೇ ಪೋಷಕರಿಗೆ ಸಿಗಬೇಕು. ಬೇಡ ಎಂದವರ ಮಕ್ಕಳಿಗೆ ಅದೇ ಹೊತ್ತಿಗೆ ಲೈಬ್ರರಿಯೋ ಆಟವೋ ಇರಬೇಕು, ಯಾಕೆ ಬರಲಿಲ್ಲ ಎಂದು ಯಾರೂ ಕೇಳಬಾರದು. ಭಾಷಣದ ಬಳಿಕ ನಾಯಕರನ್ನು ಹೊಗಳುವ ಪ್ರಬಂಧ ಬರೆಸಬಾರದು. ಒಪ್ಪುವ, ಒಪ್ಪದ ಎರಡೂ ಮಾತಿಗೆ ತರಗತಿಯಲ್ಲಿ ಜಾಗ ಇರಬೇಕು. ಈ ನಿಯಮ ಪ್ರಧಾನಿಗೂ ಒಂದೇ, ಮುಖ್ಯಮಂತ್ರಿಗೂ ಒಂದೇ, ನಮ್ಮ ಊರಿನ ಶಾಸಕರಿಗೂ ಒಂದೇ.

ಇದನ್ನು ಮಾಡಿಸಲು ಬೀದಿಗೆ ಇಳಿಯಬೇಕಾಗಿಲ್ಲ. ಸರಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ. ಅದರಲ್ಲಿ ಹೆಚ್ಚಿನವರು ಪೋಷಕರೇ. ಸಭೆ ಎಂದರೆ ‘ಪುರುಸೊತ್ತಿಲ್ಲ’ ಎಂದು ತಪ್ಪಿಸಿಕೊಳ್ಳುವ ನಾವು ಈ ವರ್ಷ ಒಮ್ಮೆ ಹೋಗಿ ಕೂರೋಣ. ಬಾಪಂದಿರು ಮಾತ್ರ ಅಲ್ಲ, ಉಮ್ಮಂದಿರೂ ಬರಲಿ. ಪಕ್ಕದಲ್ಲಿ ಕೂತ ಹಿಂದೂ ಪೋಷಕರ ಮಾತನ್ನೂ ಕೇಳೋಣ. ಅವರ ಚಿಂತೆಯೂ ಮಗುವಿನದ್ದೇ.

ಮಸೀದಿ ಮೆಟ್ಟಿಲಲ್ಲಿ ಜಗಳ ಮಾಡಿದ ಆ ಇಬ್ಬರೂ ಅಂದು ಸಂಜೆ ಶಾಲೆಯ ಗೇಟಿನಲ್ಲಿ ಮಕ್ಕಳಿಗಾಗಿ ಕಾಯುತ್ತಾ ನಿಂತಿದ್ದರು. ಎಂತ ಹೇಳಿದ್ರು ಅಂತ ಬಾಪ ಕೇಳಿದ್ದಕ್ಕೆ ಒಬ್ಬ ಹುಡುಗ ಕೊಟ್ಟ ಉತ್ತರ ಇಷ್ಟೇ: ‘ಅರ್ಥ ಆಗ್ಲಿಲ್ಲ ಬಾಪಾ. ಹಸಿವಾಗ್ತದೆ, ಹೋಗುವಾ.’